ದಪ್ಪಗಾದ ಬಿಲ್ಲಿನ ಹಿಡಿ

ಬನ್ರೋ ಮಕ್ಕಳಾ, ಕಾಲು ಮಡಚಿ ಕೂತು ಕೇಳಿ. ಬೇಟೆಗಾರ ಜಡಿಯಪ್ಪನಿಗೆ ತನ್ನ ಬಿಲ್ಲೆಂದರೆ ಪ್ರಾಣ. ಪ್ರತಿ ಆಯುಧಪೂಜೆಗೂ ಅದರ ಹಿಡಿಗೆ, ಹಳೆಯ ಪಟ್ಟಿ ಬಿಚ್ಚದೆ, ಹೊಸ ಚರ್ಮದ ಪಟ್ಟಿ ಸುತ್ತುತ್ತಿದ್ದ. ಹಿಡಿ ಕುಂಬಳಕಾಯಿಯಂತೆ ಉಬ್ಬಿತು. ಬಿಟ್ಟ ಬಾಣವೆಲ್ಲ ಎಡಕ್ಕೆ ಹೋಗತೊಡಗಿತು. ಕಾಡುಹಂದಿಗಳು ಅವನ ಗೆಣಸಿನ ಹೊಲ ಅಗೆದು ತಿಂದವು.

“ಇವತ್ತೂ ಗುರಿ ತಪ್ಪಿದರೆ ಈ ಬಿಲ್ಲು ಒಲೆಗೆ,” ಅಂದಳು ಅವನ ಹೆಂಡತಿ ಸಣ್ಣೀರಮ್ಮ.

ಬಾಣ ಹಿಡಿಗೆ ಹೇಳಿತು: “ಅಣ್ಣಾ, ನಿನ್ನ ಹೊಟ್ಟೆ ಬಳಸಿ ಹೋಗುವಷ್ಟರಲ್ಲಿ ನನ್ನ ದಾರಿ ಓರೆಯಾಗುತ್ತೆ. ಕೊಂಚ ಇಳಿಸಿಕೋ.”

“ಲೋ ಕಡ್ಡಿ, ಒಡೆಯ ಹಿಡಿಯೋದು ನನ್ನನ್ನ, ಎಸೆಯೋದು ನಿನ್ನನ್ನ. ಹಬ್ಬದ ಉಡುಗೊರೆ ನಾನ್ಯಾಕೆ ಬಿಚ್ಚಲಿ?”

ಬಿಲ್ಲಿಗೆ ಕಟ್ಟಿದ್ದ ಹೆದೆ ನಕ್ಕಿತು: “ಉಟ್ಟುಕೊಂಡೇ ಒಲೆಗೆ ಬಾ ಅಣ್ಣಾ, ಚೆನ್ನಾಗಿ ಉರೀತೀಯ. ಜೊತೆಗೆ ನಾನೂ ಉರೀಬೇಕಲ್ಲ, ಅದೇ ಬೇಜಾರು.”

ಹಿಡಿ ತಾನೇ ಗಂಟು ಸಡಿಲಿಸಿ, ಒಂದು ಸುತ್ತು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಉದುರಿಸಿತು. ಸಂಜೆ ಜಡಿಯಪ್ಪ ಬಿಟ್ಟ ಬಾಣ ಹಿಡಿಯ ಮೈ ಸವರಿಕೊಂಡೇ ಹಾದು, ನೆಟ್ಟಗೆ ಹೋಗಿ ದೊಡ್ಡ ಹಂದಿಗೆ ನಾಟಿತು.

ಕೊನೆಗೆ ಏನಾಯಿತು ಅಂತೀರಾ? ಉಳಿದ ಹಂದಿಗಳು ಬೆಟ್ಟ ದಾಟಿದವು. ಸಣ್ಣೀರಮ್ಮ ಗೆಣಸು ಬೇಯಿಸಿದಳು. ಉದುರಿದ ಚರ್ಮದಲ್ಲಿ ಜಡಿಯಪ್ಪ ಅವಳಿಗೆ ಚಪ್ಪಲಿ ಹೊಲಿದ. ಬಾಣ, ಹೆದೆ ಗೋಡೆಯ ಗೂಟದಲ್ಲಿ ಹಾಯಾಗಿದ್ದವು. ಹಿಡಿಗೋ, ಅಷ್ಟು ವರ್ಷ ದಪ್ಪ ಚರ್ಮದಾಚೆಯೇ ಉಳಿದಿದ್ದ ಒಡೆಯನ ಅಂಗೈಯ ಬಿಸಿ ಈಗ ದಿನಾ ಸಿಗುತ್ತಿತ್ತು.