ಹುಣಸೆ ಕೊರಡಿನ ಬೆಲೆ

"ಗುರುಗಳೇ, ಒಳಗೆ ಏನಿದೆ ಎಂದು ಕಾಣದ ವಸ್ತುವಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?" ಎಂದು ಪಂಪಣ್ಣ ಕೇಳಿದ.

ಪಂಪಣ್ಣ ಮಠಕ್ಕೆ ಬಂದು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅದಕ್ಕೆ ಮೊದಲು ತನ್ನ ಊರಿನಲ್ಲಿ ಮರದ ವ್ಯಾಪಾರ ಮಾಡಿಕೊಂಡಿದ್ದ. ಜಪತಪದ ಮಾತು ಬಿಟ್ಟು ಅವನು ಬೆಲೆಯ ಮಾತೆತ್ತಿದ್ದಕ್ಕೆ ಉಳಿದ ಶಿಷ್ಯರು ನಕ್ಕರು. ಗುರುಗಳು ನಗಲಿಲ್ಲ. ಅವನ ಮುಖವನ್ನೇ ನೋಡಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಸುಬುದಾರನಿದ್ದ. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಚೆಂಡುಗಳನ್ನಿಟ್ಟು ಕೋಲಿನಿಂದ ಹೊಡೆದು ಆಡುವ ಆಟವೊಂದಿದೆ. ಕೆಲವರು ಪೂಲ್ ಎನ್ನುತ್ತಾರೆ, ಕೆಲವರು ಬಿಲಿಯರ್ಡ್ಸ್ ಎನ್ನುತ್ತಾರೆ. ಆ ಕೋಲುಗಳನ್ನು ಮಾಡುವುದು ಅವನ ಕಸುಬು. ಕೋಲಿನ ಮುಂಭಾಗಕ್ಕೆ ನೇರವಾದ ಸಾದಾ ಮರ ಸಾಕು. ಕೈಯಲ್ಲಿ ಹಿಡಿಯುವ ಹಿಂಭಾಗಕ್ಕೆ ಮಾತ್ರ ಆಟಗಾರರು ಚಿತ್ತಾರದ ಮರ ಕೇಳುತ್ತಾರೆ. ಕೆಲವು ಮರಗಳಲ್ಲಿ ನಾರು ನೇರವಾಗಿ ಹೋಗದೆ ಅಲೆಯಲೆಯಾಗಿ ಓಡಿರುತ್ತದೆ. ಎಣ್ಣೆ ಹಚ್ಚಿ ಉಜ್ಜಿದರೆ ಅಂಥ ಮರ ಅಲುಗಾಡಿದಂತೆ ಕಾಣುತ್ತದೆ. ಸಿಕ್ಕುವುದು ಅಪರೂಪ. ಅದಕ್ಕೆ ಇಷ್ಟೇ ಬೆಲೆ ಎಂದು ಯಾರೂ ಬರೆದಿಟ್ಟಿಲ್ಲ. ಕೊಳ್ಳುವವನ ಆಸೆ ಎಷ್ಟು, ಮಾರುವವನ ತಿಳಿವಳಿಕೆ ಎಷ್ಟು, ಅದರ ಮೇಲೆ ಬೆಲೆ ನಿಲ್ಲುತ್ತದೆ.

ಅವನ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದಳು. ಭಟ್ಟಿಗೆ ಗಾಡಿಗಟ್ಟಲೆ ಸೌದೆ ಬರುತ್ತಿತ್ತು. ಒಂದು ಸಲ ಸೌದೆಯ ಜೊತೆಯಲ್ಲಿ ದಪ್ಪನೆಯ ಹುಣಸೆ ಕೊರಡೊಂದು ಬಂತು. ಕೊಡಲಿಗೆ ಜಗ್ಗಲಿಲ್ಲ. ಆಳುಗಳು ಅದನ್ನು ಗೋಡೆಯ ಬದಿಗೆ ಉರುಳಿಸಿ ಬಿಟ್ಟರು.

ಕೋಲಿನವನು ಮಂಡಕ್ಕಿ ಕೊಳ್ಳಲು ಹೋದಾಗ ಆ ಕೊರಡು ಅವನ ಕಣ್ಣಿಗೆ ಬಿತ್ತು. ತೊಗಟೆ ಎದ್ದಿದ್ದ ಕಡೆ ಎಂಜಲು ಹಚ್ಚಿದ ಬೆರಳಿನಿಂದ ಉಜ್ಜಿ ನೋಡಿದ. ಒದ್ದೆಯಾದಷ್ಟು ಜಾಗದಲ್ಲಿ ಅಲೆಗಳು ಎದ್ದವು. ಮುಖದಲ್ಲಿ ಏನನ್ನೂ ತೋರಗೊಡದೆ, "ಅಕ್ಕಾ, ಈ ಕೊರಡು ಕೊಡ್ತೀರಾ? ಮನೆ ಕೆಲಸಕ್ಕೆ ಬೇಕಿತ್ತು," ಎಂದ.

ಅವಳು ಸೌದೆಯ ಬೆಲೆಗೆ ಎರಡರಷ್ಟು ಹೇಳಿದಳು. ಅವನು ಚೌಕಾಸಿ ಮಾಡದೆ ಅಷ್ಟನ್ನೂ ಕೊಟ್ಟ. ಚೌಕಾಸಿಗೆ ನಿಂತರೆ ಅವಳು ಕೊರಡನ್ನು ಇನ್ನೊಮ್ಮೆ ನೋಡಿಯಾಳು ಎಂಬ ಭಯ. ಅದೇ ಭಯಕ್ಕೆ ತಾನೂ ಅದನ್ನು ಹೊರಳಿಸಿ ನೋಡಲಿಲ್ಲ. ಕೈಗಾಡಿ ತಂದು, ಏರಿಸಿಕೊಂಡು, ಹಿಂದಿರುಗಿ ನೋಡದೆ ಹೋದ.

ಮನೆಯಲ್ಲಿ ಗರಗಸ ಇಟ್ಟಾಗ ವಿಷಯ ತಿಳಿಯಿತು. ಗೋಡೆಯ ಕಡೆಗಿದ್ದ ತುದಿಯಲ್ಲಿ ಪೊಟರೆ. ಗೆದ್ದಲು ತಿಂದ ಆ ಪೊಟರೆಗೆ ಕೆಮ್ಮಣ್ಣು ಮೆತ್ತಿ, ಕಾಣದಂತೆ ಮೇಲೆ ಬೂದಿ ಒರೆಸಿದ್ದರು. ಮಣ್ಣಿನಲ್ಲಿದ್ದ ಕಲ್ಲಿಗೆ ಸಿಕ್ಕಿ ಗರಗಸದ ಹಲ್ಲು ಮುರಿಯಿತು. ಅವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಖುಷಿಯಾಯಿತು. ಅವಳೂ ನನಗೆ ಮೋಸ ಮಾಡಿದ್ದಾಳೆ, ಅಲ್ಲಿಗೆ ಸರಿಗೆ ಸರಿಯಾಯಿತು ಎಂದುಕೊಂಡ.

ಆದರೆ ಪೊಟರೆ ಇದ್ದದ್ದು ಮೊಳದಷ್ಟು. ಅಲ್ಲಿಂದಾಚೆಗೆ ಕೊರಡಿನ ಉದ್ದಕ್ಕೂ ಅಲೆಗಳು. ಅವನು ತುಂಡುಗಳನ್ನು ಕೊಯ್ದು ನೆರಳಿನಲ್ಲಿ ಒಣಗಲು ಇಟ್ಟ. ಮಳೆಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಕೆಲವು ಸೀಳಿದವು, ಕೆಲವು ಬಾಗಿದವು. ಉಳಿದವು ಕೋಲುಗಳಾದವು. ದೂರದೂರಿನ ಆಟಗಾರರು ಬಂದು ಅವನು ಹೇಳಿದ ಬೆಲೆಯನ್ನೇ ಕೊಟ್ಟು ಕೊಂಡುಹೋದರು. ಅಷ್ಟು ಹಣವನ್ನು ಅವನು ಒಂದೇ ಮರದಿಂದ ಹಿಂದೆಂದೂ ಕಂಡಿರಲಿಲ್ಲ.

ಕೊರಡು ತಂದ ದಿನದಿಂದ ಅವನು ಭಟ್ಟಿಯ ಮುಂದೆ ಹಾದಿರಲಿಲ್ಲ. ಪೇಟೆಗೆ ಹೋಗಲು ಅದೇ ಹತ್ತಿರದ ದಾರಿ. ಅವನು ಕೆರೆಯ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದ. ದೂರದಲ್ಲಿ ಅವಳನ್ನು ಕಂಡರೆ ಯಾವುದಾದರೂ ಅಂಗಡಿಗೆ ನುಗ್ಗಿ, ಬೇಡದ ಸಾಮಾನಿನ ಬೆಲೆ ವಿಚಾರಿಸುತ್ತಾ ನಿಲ್ಲುತ್ತಿದ್ದ. ನನ್ನ ತಪ್ಪೇನು, ಕೇಳಿದಷ್ಟು ಕೊಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡ ಮೇಲೂ ಸುತ್ತಿಯೇ ಹೋಗುತ್ತಿದ್ದ.

ಒಂದು ದಿನ ಹೆಂಡತಿ ಮಂಡಕ್ಕಿ ಕಲಸಿ ತಂದಿಟ್ಟಳು. ಅವನು ಪೇಟೆಯಿಂದ ತಂದ ಮಂಡಕ್ಕಿ, ಮೆತ್ತಗಾಗಿತ್ತು. ಅವಳು ಒಂದು ತುತ್ತು ತಿಂದು ತಟ್ಟೆ ಸರಿಸಿ, "ಬೀದಿ ತುದೀಲೇ ಭಟ್ಟಿ ಇಟ್ಕೊಂಡು ಈ ಹತ್ತಿಯಂಥದ್ದನ್ನ ಯಾಕ್ರೀ ತಿನ್ನಬೇಕು ನಾವು? ಆಯಮ್ಮ ನಿಮಗೇನು ಮಾಡಿದ್ದಾಳೆ?" ಎಂದು ಕೇಳಿದಳು.

ಆಕೆ ಮಣ್ಣು ಮೆತ್ತಿದ್ದನ್ನು ಹೇಳಲು ಹೋದರೆ, ಅವನು ತಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಎದ್ದು ಅಂಗಿ ಹಾಕಿಕೊಂಡ. ಪೆಟ್ಟಿಗೆಯಿಂದ ಹಣದ ಕಟ್ಟೊಂದನ್ನು ತೆಗೆದು ಜೇಬಿಗಿಟ್ಟು, ಭಟ್ಟಿಯ ಕಡೆಗೆ ನಡೆದ.

ಅವಳು ಅವನು ಬರುವುದನ್ನು ದೂರದಿಂದಲೇ ಕಂಡಳು. ಕೈಯಲ್ಲಿದ್ದ ಜರಡಿ ಕೆಳಗಿಟ್ಟು ಎದ್ದು ನಿಂತಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಒಳಗೆ ಹೋಗಿ, ಗಂಟು ಹಾಕಿದ ಬಟ್ಟೆಯೊಂದನ್ನು ತಂದು ಅವನ ಮುಂದೆ ಹಿಡಿದಳು.

"ಯಾಕೆ ಬಂದ್ರಿ ಅಂತ ಗೊತ್ತು ಕಣಣ್ಣಾ. ಮಣ್ಣು ಮೆತ್ತಿದ್ದು ನಾನೇ. ಪೊಟರೆ ಕಂಡರೆ ಯಾರೂ ತಗೊಳ್ಳಲ್ಲ ಅಂತ ಮೆತ್ತಿದೆ. ನೀವು ಒಂದು ಮಾತೂ ಆಡದೆ ಕೇಳಿದಷ್ಟು ಕೊಟ್ಟು ಹೋದಿರಲ್ಲ, ಅವತ್ತಿಂದ ಈ ದುಡ್ಡು ಮುಟ್ಟೋಕೆ ಕೈ ಬರಲಿಲ್ಲ. ನೀವು ಈ ದಾರಿ ಬಿಟ್ಟಿದ್ದೂ ನೋಡಿದೆ. ಸಿಟ್ಟಿಗೆ ಬಿಟ್ಟರು ಅಂದ್ಕೊಂಡೆ. ತಗೊಳ್ಳಿ, ನನ್ನನ್ನ ಏನೂ ಅನ್ನಬೇಡಿ."

ಅವನು ಪಕ್ಕದಲ್ಲಿದ್ದ ಮಂಡಕ್ಕಿ ಚೀಲದ ಮೇಲೆ ಕುಸಿದು ಕುಳಿತ. ಚೀಲ ಕರಕರ ಎಂದಿತು.

"ಅಕ್ಕಾ, ನಾನು ದುಡ್ಡು ಕೇಳೋಕೆ ಬಂದಿಲ್ಲ. ಕೊಡೋಕೆ ಬಂದೆ," ಎಂದ. ಎಂಜಲು ಹಚ್ಚಿ ನೋಡಿದ್ದನ್ನು ಹೇಳಿದ. ಮನೆ ಕೆಲಸಕ್ಕೆ ಎಂದದ್ದು ಸುಳ್ಳು ಎಂದ. ಗರಗಸದ ಹಲ್ಲು ಮುರಿದದ್ದನ್ನೂ, ಕೋಲುಗಳು ಎಷ್ಟಕ್ಕೆ ಹೋದವು ಎಂಬುದನ್ನೂ ಬಚ್ಚಿಡಲಿಲ್ಲ. "ಸಿಟ್ಟಿಗಲ್ಲ ಅಕ್ಕಾ, ನಾಚಿಕೆಗೆ ದಾರಿ ಬಿಟ್ಟೆ."

ಅವಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕುಳಿತಳು. ಮೊದಲು ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು. ಅವನೂ ನಕ್ಕ. ಅವನು ನಕ್ಕಂತೆಲ್ಲ ಚೀಲ ಕರಕರ ಎನ್ನುತ್ತಿತ್ತು. "ಏಳಣ್ಣಾ, ಅಷ್ಟೂ ಪುಡಿ ಮಾಡ್ತೀರಿ," ಎಂದಳು. ಅಷ್ಟು ಹಗುರಾದ ಮಾತು ಅವರಿಬ್ಬರ ಕಿವಿಗೂ ಬಿದ್ದು ಬಹಳ ದಿನವಾಗಿತ್ತು.

ಆಮೇಲೆ ಬೆಲೆಯ ಮಾತು ಬಂತು. ಅವನು ಜೇಬಿನಲ್ಲಿದ್ದ ಕಟ್ಟನ್ನು ಪೂರ್ತಿ ಅವಳ ಮುಂದಿಟ್ಟ. ಅವಳು ಒಪ್ಪಲಿಲ್ಲ.

"ಇಷ್ಟು ಯಾಕೆ? ಒಳಗೆ ಪೂರ್ತಿ ಪೊಟರೆಯಾಗಿದ್ದಿದ್ದರೆ ನಷ್ಟ ನಿಮ್ಮದೇ ಆಗ್ತಿತ್ತು. ಆವಾಗ ನಾನು ಪಾಲು ಹೊರೋಕೆ ಬರ್ತಿದ್ನಾ? ಅಕ್ಕಿ ಹುರಿಯೋಳು ನಾನು. ಬಾಣಲೆಗೆ ಹಾಕಿದ್ದೆಲ್ಲ ಅರಳಲ್ಲ ಅಂತ ನನಗೆ ಗೊತ್ತಿಲ್ವಾ?"

"ನಾನು ಕಣ್ಣು ಮುಚ್ಚಿಕೊಂಡು ಕೊಂಡಿದ್ದಲ್ಲ ಅಕ್ಕಾ. ಅಲೆ ನೋಡಿಯೇ ಕೈ ಹಾಕಿದ್ದು. ಸೀಳಿಹೋದದ್ದನ್ನು ಕಳೆದಿದ್ದೀನಿ, ನನ್ನ ಕೂಲಿ ಕಳೆದಿದ್ದೀನಿ. ಇದು ಮರದ ಪಾಲು."

"ಗರಗಸದ ಹಲ್ಲು ಮುರೀತು ಅಂದಿರಿ. ಅದನ್ನೂ ಕಳೀರಿ."

ಅವಳು ಇಳಿಸುತ್ತಾ ಹೋದಳು, ಅವನು ಏರಿಸುತ್ತಾ ಹೋದ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮಾರುವವಳು ಕಡಿಮೆ ಕೇಳುವುದನ್ನೂ ಕೊಳ್ಳುವವನು ಹೆಚ್ಚು ಹೇಳುವುದನ್ನೂ ಅವರು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಯಾರಿಗೆ ತಲೆ ಕೆಟ್ಟಿದೆ ಎಂದು ಒಬ್ಬ ಕೇಳಿದ. ಕೊನೆಗೆ ಮಾತು ಒಂದು ಕಡೆ ನಿಂತಿತು. ಅವನು ತಂದದ್ದರಲ್ಲಿ ಸ್ವಲ್ಪ ಅವನ ಜೇಬಿಗೆ ಮರಳಿತು. ಉಳಿದದ್ದನ್ನು ಅವಳು ತನ್ನ ಗಂಟಿಗೇ ಸೇರಿಸಿ ಕಣ್ಣಿಗೊತ್ತಿಕೊಂಡಳು. ಆ ಹಣದಲ್ಲಿ ಭಟ್ಟಿಗೆ ಹೊಸ ಸೂರು ಹಾಕಿಸಿದಳು.

ಅವನು ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು, ಬೀದಿಯ ನಡುವಿನಲ್ಲೇ ನಡೆದು ಮನೆಗೆ ಬಂದ. ಹೆಂಡತಿ ಈರುಳ್ಳಿ ಹೆಚ್ಚಲು ಕುಳಿತಳು.

ಮುಂದೆಯೂ ಭಟ್ಟಿಗೆ ಒಮ್ಮೊಮ್ಮೆ ಒಳ್ಳೆಯ ಹುಣಸೆ ಕೊರಡು ಬರುತ್ತಿತ್ತು. ಅವಳು ಹೇಳಿ ಕಳಿಸುತ್ತಿದ್ದಳು. ಇಬ್ಬರೂ ಸೇರಿ ಅದನ್ನು ಅಂಗಳದ ಬೆಳಕಿಗೆ ಉರುಳಿಸಿ, ನಾಲ್ಕೂ ಬದಿ ತಿರುಗಿಸಿ, ಕೊಡ ನೀರು ಸುರಿದು ನೋಡುತ್ತಿದ್ದರು. ಅವನು ಕಂಡದ್ದನ್ನು ಅವಳಿಗೆ ತೋರಿಸುತ್ತಿದ್ದ, ಅವಳು ಕಂಡದ್ದನ್ನು ಅವನಿಗೆ ತೋರಿಸುತ್ತಿದ್ದಳು. ಆಮೇಲೆಯೂ ಅವರ ಲೆಕ್ಕ ಎಷ್ಟೋ ಸಲ ತಪ್ಪಿತು. ಚೆಲುವಾಗಿ ಕಂಡ ಕೊರಡು ಒಳಗೆ ಬರಿದಾಗಿರುತ್ತಿತ್ತು. ಆಗ ಇಬ್ಬರೂ ಹುಣಸೆ ಮರವನ್ನು ಬೈದುಕೊಂಡು, ಚಹಾ ಕುಡಿಯುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯರ ಮುಖಗಳಲ್ಲಿ ನಗುವಿತ್ತು. ಪಂಪಣ್ಣ ಮಾತ್ರ ತಲೆ ತಗ್ಗಿಸಿ, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಕುಳಿತಿದ್ದ. ಆಮೇಲೆ ಕೇಳಿದ:

"ಗುರುಗಳೇ, ಮೊದಲ ದಿನ ಕೊಟ್ಟದ್ದೋ, ಕೊನೆಗೆ ಒಪ್ಪಿಕೊಂಡದ್ದೋ? ಆ ಕೊರಡಿನ ನಿಜವಾದ ಬೆಲೆ ಯಾವುದು?"

"ಕೊರಡಿನ ಬೆಲೆ ಹಾಗಿರಲಿ, ಪಂಪಣ್ಣ, ನಿನ್ನ ಊರಿನಲ್ಲಿ ನೀನು ಯಾರ ಮನೆಗೆ ಹೋಗಬೇಕೋ ಹೋಗಿ ಬಾ, ಸಂಜೆಯ ಬಸ್ಸು ಇನ್ನೂ ಹೊರಟಿಲ್ಲ," ಎಂದರು ಗುರುಗಳು.