ಪದರದೊಳಗಿನ ಸೂಜಿ

“ಸರ, ಕಣ್ಣಿಲ್ಲದವ್ರಿಗೆ ಯಾವ ಕಂಪ್ಯೂಟರ್ ಚಲೋ? ವಿಂಡೋಸೋ, ಮ್ಯಾಕೋ, ಲಿನಕ್ಸೋ? ಒಂದ ಮಾತಿನ್ಯಾಗ ಹೇಳಿಬಿಡ್ರಿ.”

ಕೇಳಿದವಳು ದಾಕ್ಷಾಯಣಿ. ಅಂಧ ಹೆಣ್ಣುಮಕ್ಕಳ ವಸತಿಶಾಲೆಯೊಂದಕ್ಕೆ ಅವಳು ಹೊಸದಾಗಿ ಶಿಕ್ಷಕಿಯಾಗಿ ಹೋಗುವವಳಿದ್ದಳು. ಶಾಲೆಗೆ ಯಾವ ಕಂಪ್ಯೂಟರ್ ತರಿಸಬೇಕೆಂದು ಅವಳೇ ಹೇಳಬೇಕಾಗಿತ್ತು. ಅವಳು ಆರಿಸಿದ್ದರ ಮೇಲೆಯೇ ಆ ಮಕ್ಕಳು ಓದು ಕಲಿಯಬೇಕು, ಪರೀಕ್ಷೆ ಬರೆಯಬೇಕು, ಮುಂದೆ ತಮ್ಮ ಅನ್ನ ತಾವು ಹುಡುಕಿಕೊಳ್ಳಬೇಕು. ಎಡವಿದರೆ ಎಡವುವವಳು ಅವಳೊಬ್ಬಳೇ ಆಗಿರಲಿಲ್ಲ.

ಅವಳಿಗೆ ವಿದ್ಯೆ ಕಲಿಸಿದವರು ಮುರಿಗೆಪ್ಪ ಮಾಸ್ತರರು. ಗುರುವಿಗೂ ಕಣ್ಣಿಲ್ಲ, ಶಿಷ್ಯೆಗೂ ಕಣ್ಣಿಲ್ಲ. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರಿನ ದನಿಯೇ ಇಬ್ಬರಿಗೂ ಆಧಾರ.

“ಆರಿಸಾಕ ನೀ ಏನ ಮಾಡಿದಿ?” ಎಂದು ಮಾಸ್ತರರು ಕೇಳಿದರು.

“ಮೂರನ್ನೂ ತರಿಸಿಕೊಂಡು ಕುಂತು ಕೇಳೇನ್ರಿ. ಒಂದ ಪುಟಾನ ಮೂರರಾಗೂ ಓದಿಸೇನಿ. ಒಂದು ಭಾಳ ತಡವರಿಸ್ತದ. ಒಂದರ ಕನ್ನಡ ಕೇಳಾಕ ಆಗೂದಿಲ್ಲ. ಇನ್ನೊಂದು ಒಮ್ಮೆನೂ ತಕರಾರು ತಗೀಲಿಲ್ಲರಿ. ನೀರು ಕುಡದಂಗ ಓದ್ತದ. ಅದನ್ನ ಹೇಳಬೇಕಂತ ಮಾಡೇನಿ. ಅದರ ಹೆಸರು...”

“ಹೆಸರು ಬ್ಯಾಡ. ಕತಿ ಕೇಳು.”

ಕತೆಗೆ ಕೂತರೆ ಮಾಸ್ತರರ ಮಾತು ಪಾಠದ ಕನ್ನಡಕ್ಕೆ ತಿರುಗುತ್ತಿತ್ತು. ಅದು ಅವರ ರೂಢಿ. ಅವರು ಹೇಳಿದ್ದು ಹೀಗೆ.

ಒಬ್ಬ ಕೌದಿ ವ್ಯಾಪಾರಿ ಇದ್ದ. ಅವನಿಗೆ ಕಣ್ಣಿರಲಿಲ್ಲ. ಜನ ತಮ್ಮ ಮನೆಯ ಹಳೆಯ ಸೀರೆಗಳನ್ನು ಅವನಿಗೆ ಕಳಿಸುತ್ತಿದ್ದರು. ಅವನು ಅವನ್ನು ಕತ್ತರಿಸಿ, ಪದರ ಪದರವಾಗಿ ಹಾಸಿ, ಹೆಂಗಸರಿಂದ ಹೊಲಿಸಿ, ಕೌದಿ ಮಾಡಿ ಹಿಂತಿರುಗಿಸುತ್ತಿದ್ದ. ಅಜ್ಜಿ ಉಟ್ಟ ಸೀರೆ ಮೊಮ್ಮಗುವಿಗೆ ಹೊದಿಕೆಯಾಗುತ್ತಿತ್ತು.

ಆ ಕೆಲಸದಲ್ಲಿ ಒಂದು ಅಪಾಯ ಉಂಟು. ಹೊಲಿಯುವಾಗ ಮುರಿದ ಸೂಜಿ ಪದರದೊಳಗೆ ಉಳಿದರೆ, ಮಲಗಿದ ಕೂಸಿಗೆ ಚುಚ್ಚುತ್ತದೆ. ಅದಕ್ಕಾಗಿ ಹೊಲಿಗೆ ಮುಗಿದ ಮೇಲೆ ಇಡೀ ಕೌದಿಯನ್ನು ಅಂಗೈಯಿಂದ ಸವರಿ ನೋಡಲು ಒಬ್ಬ ಹೆಂಗಸನ್ನು ಇಟ್ಟುಕೊಳ್ಳುತ್ತಿದ್ದ. ಹೊಸಬಳು ಬಂದಾಗ ತಾನೇ ಒಂದು ಸೂಜಿಯನ್ನು ಪದರದೊಳಗೆ ಸೇರಿಸಿ, “ನೋಡಿ ಹೇಳವ್ವಾ” ಎಂದು ಕೌದಿ ಕೊಡುತ್ತಿದ್ದ. “ಏನೂ ಇಲ್ರಿ, ಚಂದ ಐತಿ” ಎಂದು ನಗುನಗುತ್ತ ಹಿಂತಿರುಗಿಸಿದವಳಿಗೆ ಊಟ ಹಾಕಿ ಕಳಿಸಿಬಿಡುತ್ತಿದ್ದ. “ಇಲ್ಲೇನೋ ಕೈಗೆ ಹತ್ತತೈತಿ, ಏನಂತ ತಿಳೀವಲ್ದು” ಎಂದು ಗೊಣಗಿದವಳಿಗೆ ಕೆಲಸ ಕೊಡುತ್ತಿದ್ದ. ಅವನ ಕೌದಿಯಿಂದ ಯಾವ ಕೂಸಿಗೂ ಗಾಯವಾಗಿರಲಿಲ್ಲ.

ವ್ಯಾಪಾರ ಬೆಳೆಯಿತು. ದೂರದ ಊರುಗಳಿಂದ ಕಂಪ್ಯೂಟರಿನಲ್ಲಿ ಆರ್ಡರ್ ಬರತೊಡಗಿದವು. ಮೊದಮೊದಲು ಅವನ್ನು ಯಾರಾದರೂ ಓದಿ ಹೇಳಬೇಕಾಗಿತ್ತು. ಓದಿ ಹೇಳುವವರಿಗೆ ಎಂದೂ ಪುರುಸೊತ್ತಿರುವುದಿಲ್ಲ. ಇವನು ಕಾಯಬೇಕು, ಹಲ್ಲು ಗಿಂಜಬೇಕು, ಅವರು ಅರ್ಧ ಓದಿ ಎದ್ದು ಹೋದರೂ ಉಪಕಾರವಾಯಿತು ಎನ್ನಬೇಕು. ಒಂದು ದಿನ ಅವನಿಗೆ ಸಾಕಾಯಿತು. ನನ್ನದನ್ನು ನಾನೇ ಓದಿಕೊಳ್ಳುತ್ತೇನೆ ಎಂದು ಹಟ ಹಿಡಿದ. ಒಳ್ಳೆಯ ಹಟವೇ. ನನಗೂ ಅದೇ ಹಟವಿತ್ತು, ನಿನಗೂ ಅದೇ ಇದೆ.

ಕಂಪ್ಯೂಟರ್ ಮಾರುವವನೊಬ್ಬ ಮೂರು ಬಗೆಯವನ್ನು ತಂದು ಅವನ ಮುಂದಿಟ್ಟ. ಮೂರರ ಒಳಗಿನ ವ್ಯವಸ್ಥೆ ಬೇರೆ, ಓದುವ ದನಿ ಬೇರೆ, ಒತ್ತಬೇಕಾದ ಕೀಲಿಗಳೂ ಬೇರೆ. ಅವುಗಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀನು ಕತೆಯನ್ನು ಇಲ್ಲೇ ಬಿಟ್ಟು ಹೆಸರನ್ನು ಕಟ್ಟಿಕೊಂಡು ಮನೆಗೆ ಹೋಗುತ್ತೀಯ. ಬರುವ ವರ್ಷ ಯಂತ್ರಗಳು ಬದಲಾಗಿರುತ್ತವೆ, ನೀನು ಮಾತ್ರ ಅದೇ ಹೆಸರು ಹಿಡಿದು ಜಗಳಾಡುತ್ತ ಕೂತಿರುತ್ತೀಯ.

ವ್ಯಾಪಾರಿ ಆರ್ಡರ್ ಬರುವ ತನ್ನ ಅಂಗಡಿಯ ಪುಟವನ್ನು ಮೂರರಲ್ಲೂ ತೆರೆದು ಕೇಳಿದ. ಮೊದಲನೆಯದು ನಿಧಾನ. ಕೀಲಿ ಒತ್ತಿದರೆ ಉತ್ತರ ಬರುವಷ್ಟರಲ್ಲಿ ಚಹಾ ಆರುತ್ತಿತ್ತು. ಅದನ್ನು ಪಕ್ಕಕ್ಕಿಟ್ಟ. ಎರಡನೆಯದರ ದನಿ ಒರಟು. ಅದು ಪುಟ ಓದುತ್ತ ಓದುತ್ತ ನಡುವೆ “ಬಟನ್, ಹೆಸರಿಲ್ಲ” ಎನ್ನುತ್ತಿತ್ತು. ಮುಂದೆ ಹೋದರೆ ಮತ್ತೆ “ಬಟನ್, ಹೆಸರಿಲ್ಲ.” ಅವನ ತಲೆ ಚಿಟ್ಟು ಹಿಡಿಯಿತು. “ಹೆಸರಿಲ್ಲಂದ್ರ ಸುಮ್ನಿರೋ ಮಾರಾಯಾ” ಎಂದು ಅದನ್ನೂ ಬಿಟ್ಟ. ಮೂರನೆಯದು ಮಾತ್ರ ಇಂಪಾಗಿ ಓದಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಗೊಣಗಲಿಲ್ಲ. “ಇದ ಇರಲಿ” ಎಂದ.

ಅದರ ಕೀಲಿಗಳನ್ನು ಬೆರಳಿಗೆ ರೂಢಿ ಮಾಡಿಕೊಂಡ. ಬರಬರುತ್ತ ಕಣ್ಣಿದ್ದವರು ಓದುವುದಕ್ಕಿಂತ ಬೇಗ ಕೇಳಿ ಮುಗಿಸತೊಡಗಿದ. ಫೋನ್ ಎತ್ತುವುದನ್ನೇ ಬಿಟ್ಟ. ಏನಿದ್ದರೂ ಪುಟದಲ್ಲಿ ಬರೆಯಿರಿ, ನಾನೇ ಓದುತ್ತೇನೆ ಎಂದು ಗಿರಾಕಿಗಳಿಗೆಲ್ಲ ತಿಳಿಸಿದ. ನಾನೇ ಎನ್ನುವಾಗ ಅವನ ಎದೆ ಉಬ್ಬುತ್ತಿತ್ತು. ಉಬ್ಬಬಾರದು ಎನ್ನಲು ನಾನು ಯಾರು?

ಹೀಗಿರುವಾಗ ದೂರದ ಊರಿನ ಒಬ್ಬ ಹೆಣ್ಣುಮಗಳಿಂದ ಸೀರೆಗಳ ಗಂಟು ಬಂತು. ತೀರಿಕೊಂಡ ತಾಯಿಯ ಸೀರೆಗಳು. ವ್ಯಾಪಾರಿ ಒಂದೊಂದನ್ನೇ ಬಿಡಿಸಿ ಕೈಯಾಡಿಸಿದ. ಎಲ್ಲವೂ ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಗಳು. ನಡುವೆ ಒಂದು ಮಾತ್ರ ರೇಷ್ಮೆ. ಅಂಚಿಗೆ ಜರಿ ಇತ್ತು. ಮಡಿಕೆಗಳು ಇನ್ನೂ ಗಟ್ಟಿಯಾಗಿದ್ದವು. ಹೆಚ್ಚು ಸಲ ಉಟ್ಟ ಸೀರೆಯಲ್ಲ.

ಅವನ ಕೈ ಅಲ್ಲೇ ನಿಂತಿತು. ಅವನು ಬೇಜವಾಬ್ದಾರಿ ಮನುಷ್ಯನಲ್ಲ. ಕತ್ತರಿಯನ್ನು ಕೆಳಗಿಟ್ಟು ಕಂಪ್ಯೂಟರಿನ ಮುಂದೆ ಕೂತ. ಆ ಹೆಣ್ಣುಮಗಳ ಆರ್ಡರ್ ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿಸಿದ. ಹೆಸರು ಬಂತು, ವಿಳಾಸ ಬಂತು, ಕೌದಿಯ ಅಳತೆ ಬಂತು. ಪುಟ ಮುಗಿಯಿತು ಎಂದಿತು ಆ ಇಂಪಾದ ದನಿ. ಸಮಾಧಾನವಾಗದೆ ಇನ್ನೊಮ್ಮೆ ಓದಿಸಿದ. ಅಷ್ಟೇ ಬಂತು. ಕತ್ತರಿಸುವುದು ಬೇಡವಾಗಿದ್ದರೆ ಬರೆದಿರುತ್ತಿದ್ದಳು ಎಂದುಕೊಂಡು ಎದ್ದು ಹೋಗಿ ಸೀರೆಯನ್ನು ಕತ್ತರಿಸಿದ.

ಕೌದಿ ಹೊಲಿದು ಮುಗಿಯಿತು. ಇನ್ನೂ ಕಳಿಸಿರಲಿಲ್ಲ, ಆ ಹೆಣ್ಣುಮಗಳೇ ಅಂಗಡಿ ಹುಡುಕಿಕೊಂಡು ಬಂದಳು.

“ಹಸಿರು ರೇಷ್ಮಿ ಸೀರಿ ಎಲ್ಲೈತ್ರಿ?” ಎಂದು ಕೇಳಿದಳು.

“ಕೌದ್ಯಾಗ ಐತೆವ್ವಾ” ಎಂದ ವ್ಯಾಪಾರಿ.

ಅವಳು ಅಲ್ಲೇ ಕುಸಿದು ಕೂತಳು. “ಅದು ನಮ್ಮವ್ವನ ಧಾರಿ ಸೀರಿ. ನಮ್ಮ ಚಿಗವ್ವ ತಿಳೀದ ಗಂಟಿನ್ಯಾಗ ಹಾಕಿಬಿಟ್ಲು. ನನ್ನ ಮದುವಿಗೆ ಅದನ್ನ ಉಡಬೇಕಂತ ಇಟ್ಟಿದ್ದೆ. ಅವ್ವ ಇಲ್ಲ, ಅವ್ವನ ಸೀರಿಯಾದ್ರೂ ಮೈಮ್ಯಾಲ ಇರಲಿ ಅಂತ. ಗೊತ್ತಾದ ದಿನಾನ, ಅದನ್ನ ಕತ್ತರಸಬ್ಯಾಡ್ರಿ ಅಂತ ನಿಮ್ಮ ಪುಟದಾಗ ಬರದೆ. ಉತ್ತರ ಬರಲಿಲ್ಲ, ಮತ್ತ ಬರದೆ. ತಲುಪೇತಿ ಅಂತ ತೋರಸ್ತಿತ್ತಲ್ರಿ!”

“ನನ್ನ ಕಂಪ್ಯೂಟರ್ ಏನೂ ಹೇಳಲಿಲ್ಲವ್ವಾ. ಎರಡೆರಡು ಸಲ ಓದಿಸೇನಿ.”

ಅವಳು ಎದ್ದು ಪರದೆಯನ್ನು ನೋಡಿದಳು. ಬದಿಯಲ್ಲಿ ಒಂದು ಸಣ್ಣ ಚಿತ್ರದ ಬಟನ್ ಇತ್ತು. ಒತ್ತಿದಳು. ಅವಳು ಬರೆದದ್ದೆಲ್ಲ ಅದರೊಳಗೆ ಇತ್ತು. ತಾನು ಬರೆದದ್ದನ್ನು ತಾನೇ ಅವನಿಗೆ ಓದಿ ಹೇಳಿದಳು. ಓದುವಾಗ ಅವಳ ದನಿ ಒಡೆಯಿತು. ವ್ಯಾಪಾರಿ ಆ ಜಾಗಕ್ಕೆ ಕೈಚಾಚಿ ಅಂಗೈಯಿಂದ ಸವರಿದ. ಗಾಜು ನುಣ್ಣಗಿತ್ತು.

ಒರಟು ದನಿಯ ಯಂತ್ರ “ಬಟನ್, ಹೆಸರಿಲ್ಲ” ಎಂದು ಗೊಣಗಿದ್ದು ಅದೇ ಜಾಗದಲ್ಲಿ. ಅಲ್ಲಿ ಏನಿದೆ ಎಂದು ಅದಕ್ಕೂ ಗೊತ್ತಿರಲಿಲ್ಲ. ಏನೋ ಇದೆ ಎಂಬುದಷ್ಟೇ ಗೊತ್ತಿತ್ತು. ಇಂಪಾದ ದನಿ ಅಲ್ಲಿ ಏನೂ ಇಲ್ಲವೆಂಬಂತೆ ದಾಟಿಕೊಂಡು ಹೋಗಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕೌದಿಯನ್ನು ಮಡಚಿ ಎದೆಗವಚಿಕೊಂಡು ಹೊರಟಳು. ಹೊಸ್ತಿಲು ದಾಟಿದ ಮೇಲೆ ಅತ್ತಳು. ಅವನಿಗೆ ಅದು ಕೇಳಿಸಿತು. ಆಮೇಲೆ ಎಷ್ಟೋ ಕಾಲ ಆ ಇಂಪಾದ ದನಿ ಕೇಳಿದಾಗಲೆಲ್ಲ ಅವನಿಗೆ ಆ ಅಳುವೇ ಕೇಳಿಸುತ್ತಿತ್ತಂತೆ.

ಮಾಸ್ತರರು ಕತೆ ನಿಲ್ಲಿಸಿದರು. ದಾಕ್ಷಾಯಣಿ ಕೇಳಿದಳು.

“ಅಂದ್ರ ಅಂವ ಒರಟು ದನೀದನ್ನ ತಗೋಬೇಕಿತ್ತು. ಹೌದಲ್ರಿ ಸರ?”

“ಅದು ಮತ್ತೆಲ್ಲಿ ಏನ ದಾಟಿ ಹೋಗಿತ್ತೋ, ಅಂವಗ ಏನ ಗೊತ್ತು?”

ದಾಕ್ಷಾಯಣಿಗೆ ಸಿಟ್ಟು ಬಂತು. “ಹಂಗಾದ್ರ ಅದು ಓದದ ಬಿಟ್ಟಿದ್ದು ನಮಗ ತಿಳಿಯೂದರ ಹೆಂಗ್ರಿ? ಯಾವಾಗಲೂ ಕಣ್ಣಿದ್ದವ್ರನ್ನ ಮಗ್ಗಲಕ್ಕ ಕೂಡಿಸ್ಕೋಬೇಕೇನು? ಆ ಹುಡಿಗ್ಯಾರು ಜೀವನಪೂರ್ತಿ ಇನ್ನೊಬ್ಬರ ಪುರುಸೊತ್ತಿಗೆ ಕಾಯಬೇಕೇನು? ನಾ ಏನ ಕಣ್ಣುಮುಚ್ಚಿ ಆರಿಸಿಲ್ಲರಿ. ಮೂರನ್ನೂ ಪರೀಕ್ಷಾ ಮಾಡೇನಿ.”

ಕಣ್ಣುಮುಚ್ಚಿ ಎಂಬ ಮಾತಿಗೆ ಮಾಸ್ತರರು ಸಣ್ಣಗೆ ನಕ್ಕರು. ಆಮೇಲೆ ಅವಳ ಕೈಯನ್ನು ತಡವಿ ಹಿಡಿದು, ಅಂಗೈಯ ನಡುವೆ ತಮ್ಮ ಬೆರಳಿನ ತುದಿಯನ್ನು ಒತ್ತಿದರು.

“ಪರೀಕ್ಷಾ ಮಾಡಿದಿ, ಖರೆ. ಆ ಪುಟದಾಗ ನೀ ಇಟ್ಟ ಸೂಜಿ ಯಾವುದು?”