ಏರಿಗೆ ಹಾಕಿದ ಮುಳ್ಳು

"ಮಾತಾಜಿ, ಕಾಯೋನೇ ಹೊರಟು ನಿಂತರೆ ಉಳಿಸಿಕೊಳ್ಳೋದು ಹೇಗೆ?"

ಮಠದ ಅಡುಗೆಮನೆಯ ನೀಲಗಂಗಮ್ಮ ಇದನ್ನು ಕೇಳಿದ್ದು ಕುರ್ಚಿಯ ಮೇಲೆ ಕುಳಿತು. ಮೊದಲಾಗಿದ್ದರೆ ನೆಲದ ಮೇಲೆ ಕೂರುತ್ತಿದ್ದಳು. ಮುಟ್ಟು ನಿಂತ ಹೊಸತರಲ್ಲಿ ಮೈಯೆಲ್ಲ ಉರಿದು ನಿದ್ದೆ ಕೆಟ್ಟಾಗ ಡಾಕ್ಟರಮ್ಮ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಕೆಲವು ವರ್ಷ ಹಾಯಾಗಿ ಕಳೆದವು. ಈಗ ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸೋಣ ಎಂದಿದ್ದರು. ಇಷ್ಟು ದಿನ ಮೂಳೆಯನ್ನೂ ಅದೇ ಕಾಯುತ್ತಿತ್ತು, ಇನ್ನು ನೀವು ನಡೆಯಬೇಕು, ಮೆಟ್ಟಿಲು ಹತ್ತಬೇಕು, ರಾಗಿ ಹಾಲು ಬಿಡಬಾರದು, ಮೂಳೆಯ ಪರೀಕ್ಷೆಗೆ ಬರುತ್ತಿರಬೇಕು ಎಂದೂ ಹೇಳಿದ್ದರು. ನೀಲಗಂಗಮ್ಮನ ಕಿವಿಯಲ್ಲಿ ನಿಂತದ್ದು ಮೂಳೆ ಕಾಯುವ ಮಾತ್ರೆ ನಿಲ್ಲುತ್ತದೆ ಎಂಬುದು ಮಾತ್ರ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅವಳ ತಾಯಿ ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಆ ಭಯಕ್ಕೆ, ದಿನವೂ ಬೆಟ್ಟ ಹತ್ತಿ ಗುಡಿಯ ದೀಪಕ್ಕೆ ಎಣ್ಣೆ ಒಯ್ಯುವುದನ್ನು ಬಿಟ್ಟುಬಿಟ್ಟಿದ್ದಳು.

"ಕುರ್ಚಿ ಗಟ್ಟಿಯಾಗಿದೆಯಾ?" ಎಂದರು ಮಾತಾಜಿ.

"ಗಟ್ಟಿಯಾಗಿದೆ ಮಾತಾಜಿ."

"ಹಾಗಾದರೆ ಕೇಳು."

ಒಂದು ಊರಿನ ಕೆರೆಯನ್ನು ಒಬ್ಬ ನೀರಗಂಟಿ ಕಾಯುತ್ತಿದ್ದ. ಬೆಳಗಾದರೆ ಏರಿಯ ಮೇಲೆ ನಡೆದು ಇಲಿ, ಏಡಿಗಳು ತೋಡಿದ ಬಿಲ ಮುಚ್ಚುತ್ತಿದ್ದ. ಅವನಿಗೆ ವಯಸ್ಸಾಯಿತು. ಒಮ್ಮೆಲೇ ಕೈಬಿಡುವುದಿಲ್ಲ, ಇನ್ನು ದಿನ ಬಿಟ್ಟು ದಿನ ಬರುತ್ತೇನೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಇಲ್ಲ ಎಂದು ಊರಿಗೆ ತಿಳಿಸಿದ.

ಏರಿಯ ಕೆಳಗೇ ಒಬ್ಬ ರೈತ ಹೆಂಗಸಿನ ಮನೆ, ಗದ್ದೆ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅವಳ ಬದುಕೇ. ರಿಪೇರಿ ಮಾಡುವವನು ಹೋಗುತ್ತಾನೆ, ಏರಿಯನ್ನು ತುಳಿದು ಸವೆಸುವ ದನಗಳನ್ನಾದರೂ ತಡೆಯೋಣ ಎಂದುಕೊಂಡಳು. ಏರಿಯ ಎರಡೂ ತುದಿಗೆ ಜಾಲಿಮುಳ್ಳು ಕಡಿದು ಹಾಕಿದಳು. ಏರಿಯ ಮೇಲೆ ಹೋಗುತ್ತಿದ್ದ ಊರ ದನಗಳು ಸುತ್ತುದಾರಿ ಹಿಡಿದವು. ಏರಿಯ ತುಂಬ ಹಸಿರು ಹುಲ್ಲು ಬಂತು. ಅದನ್ನು ನೋಡಿ ಅವಳ ಎದೆ ತಣ್ಣಗಾಯಿತು.

ವಾರಕ್ಕೊಮ್ಮೆ ಬರುವ ಕಾಲದಲ್ಲಿ ನೀರಗಂಟಿ ಏರಿ ಹತ್ತಿದ. ಕಾಲು ಗಿಣ್ಣಿನವರೆಗೆ ಹೂತಿತು. ಕೋಲಿನಿಂದ ಚುಚ್ಚಿ ನೋಡಿದ. ಹುಲ್ಲಿನ ಅಡಿಯಲ್ಲಿ ಬರೀ ಬಿಲ.

"ಯಾರೂ ತುಳಿಯದ ಹಾಗೆ ಜೋಪಾನ ಮಾಡಿದ್ದೆನಲ್ಲ," ಎಂದಳು ಅವಳು. ಅಳು ಬರುವಂತಿತ್ತು.

"ತಾಯಿ, ನಾನು ಬಿಲ ಮುಚ್ಚುತ್ತಿದ್ದೆ, ಅಷ್ಟೇ. ಏರಿಯನ್ನು ಗಟ್ಟಿ ಮಾಡುತ್ತಿದ್ದದ್ದು ದನದ ಕಾಲು," ಎಂದ ನೀರಗಂಟಿ.

ಅವಳು ಅಲ್ಲಿ ಅಳುತ್ತ ನಿಲ್ಲಲಿಲ್ಲ. ಮುಳ್ಳನ್ನು ತಾನೇ ಎಳೆದು ಹಾಕಿದಳು, ಅಂಗೈ ಹರಿಯಿತು. ಮೆತ್ತಗಿದ್ದ ಕಡೆ ಬುಟ್ಟಿ ಬುಟ್ಟಿ ಹೊಸ ಮಣ್ಣು ಹೊತ್ತು ಹಾಕಿದಳು. ಅಂಥ ಜಾಗಕ್ಕೆ ಒಮ್ಮೆಲೇ ಎತ್ತು ಬಿಡಬೇಡ ಎಂದ ನೀರಗಂಟಿ. ಮೊದಲು ತಾನು ನಡೆದಳು. ಆಮೇಲೆ ಕರುಗಳನ್ನು ಓಡಿಸಿದಳು, ಕೊನೆಗೆ ಎತ್ತುಗಳನ್ನು. ನೀರಗಂಟಿ ಬಂದಾಗಲೆಲ್ಲ ಕೋಲು ಚುಚ್ಚಿ ನೋಡಿ, ಇನ್ನೂ ಎಲ್ಲಿ ಮಣ್ಣು ಬೇಕೆಂದು ತೋರಿಸಿ ಹೋಗುತ್ತಿದ್ದ. ಬೇಸರ ಬಂದ ದಿನವೂ ಅವಳು ದನ ಹೊಡೆಯುವುದನ್ನು ತಪ್ಪಿಸಲಿಲ್ಲ. ನೀರಗಂಟಿ ಬರುವುದು ಪೂರಾ ನಿಂತಾಗ, ನಿಂತಿತೆಂದು ಊರಿಗೆ ಗೊತ್ತಾದದ್ದೇ ತಡವಾಗಿ. ಆ ಮಳೆಗಾಲ ಕೆರೆ ತುಂಬಿ ಕೋಡಿ ಹರಿಯಿತು. ಏರಿ ನಿಂತಿತ್ತು.

ಮಾತಾಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ನೀಲಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ನಂಗೆ ಬೀಳೋ ಭಯ ಮಾತಾಜಿ," ಎಂದಳು.

"ಕೋಲು ಹಿಡ್ಕೊಂಡು ಹತ್ತು, ನಿಧಾನವಾಗಿ ಹತ್ತು, ನಾಳೆ ಬೆಟ್ಟದ ದೀಪಕ್ಕೆ ಎಣ್ಣೆ ಒಯ್ಯೋರು ಯಾರು, ಈ ಕುರ್ಚಿಯಾ?"

ನೀಲಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದ್ದು ನಿಂತಳು.